ಕಚೇರಿಗೆ ಮೇಜಿನ ಫೋನ್ ಆರಿಸುವ ಸಮಗ್ರ ಮಾರ್ಗದರ್ಶಿ: ಮೊದಲು ಲೈನ್, ಕೊನೆಗೆ ಫೋನ್

ಕಚೇರಿಗೆ ಫೋನ್ ಹಾಕಿಸಬೇಕು ಎಂದಾಗ ಹೆಚ್ಚಿನವರು ಮೊದಲು ಕೇಳುವುದು ‘ಯಾವ ಮಾಡೆಲ್ ಒಳ್ಳೆಯದು?’ ಅಂತ. ಹೊರಗಿನ ಲೈನ್ ಯಾವುದು, ಕಚೇರಿಯ ಕರೆಗಳನ್ನು ಹಂಚುವ ಎಕ್ಸ್‌ಚೇಂಜ್ ಎಲ್ಲಿ ಕೂರುತ್ತದೆ, ಗೋಡೆಯೊಳಗೆ ಯಾವ ಕೇಬಲ್ ಓಡಿದೆ, ಕರೆಂಟ್ ಹೋದರೆ ಏನು ಗತಿ ಎನ್ನುವುದು ತೀರ್ಮಾನವಾಗದೆ ಆ ಪ್ರಶ್ನೆಗೆ ಉತ್ತರವಿಲ್ಲ. ತಿರುಗುಮುರುಗಾಗಿ ಹೊರಟರೆ ಫೋನ್‌ಗಳ ಡಬ್ಬಿ ಬಂದು ಬಿದ್ದ ಮೇಲೆ, ಲ್ಯಾನ್ ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್‌ನಿಂದ ವಿದ್ಯುತ್ ಸಿಗುವುದಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಒಂದೊಂದು ಮೇಜಿಗೂ ಅಡಾಪ್ಟರ್, ಒಂದೊಂದು ಅಡಾಪ್ಟರ್‌ಗೂ ಪ್ಲಗ್ ಪಾಯಿಂಟ್ ಎಂದು ಖರ್ಚು ಬೆಳೆಯುತ್ತದೆ.

ಲೆಕ್ಕಕ್ಕೆ ಸುಲಭವಾಗಲಿ ಎಂದು ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ 24 ಫೋನ್ ಬೇಕಾದ ಕಚೇರಿ. ಮುಂದೆ ರಿಸೆಪ್ಶನ್, ಒಳಗೆ ಅಕೌಂಟ್ಸ್ ಮತ್ತು ಮಾರಾಟ ವಿಭಾಗ, ಒಂದು ಸಭಾಕೊಠಡಿ, ಹಿಂದೆ ಗೋದಾಮು, ಗೇಟಿನಲ್ಲಿ ವಾಚ್‌ಮನ್ ಕೋಣೆ.

ಹಂತ 1: ಹೊರಗಿನ ಲೈನ್ ಯಾವುದೆಂದು ತೀರ್ಮಾನಿಸಿ

ಈಗ ಕಚೇರಿಗಳಿಗೆ ಸಿಗುವ ಲೈನ್ ಮೂರು ಬಗೆಯವು. ಒಂದೊಂದೇ ನಂಬರಿನ ಸಾಮಾನ್ಯ ಲ್ಯಾಂಡ್‌ಲೈನ್ ಮೊದಲನೆಯದು. ಪಿಆರ್‌ಐ ಎಂಬುದು ಒಂದೇ ಜೋಡಣೆಯಲ್ಲಿ ಏಕಕಾಲಕ್ಕೆ 30 ಕರೆ ಸಾಗಿಸುವ ಹಳೆಯ, ಗಟ್ಟಿಯಾದ ಪದ್ಧತಿ. ಮೂರನೆಯದು ಸಿಪ್ ಟ್ರಂಕ್ (ಸಿಪ್ ಎಂದರೆ ಡೇಟಾ ಜಾಲದಲ್ಲಿ ಕರೆ ಜೋಡಿಸುವ ಪದ್ಧತಿ). ಕರೆ ಡೇಟಾ ರೂಪದಲ್ಲಿ ಬರುತ್ತದೆ, ಎಷ್ಟು ಚಾನೆಲ್ (ಏಕಕಾಲಕ್ಕೆ ಒಂದು ಕರೆ ಸಾಗಿಸುವ ದಾರಿ) ಬೇಕೋ ಅಷ್ಟು ಕೊಳ್ಳಬಹುದು. ಹೊಸದಾಗಿ ಹಾಕಿಸುವವರಿಗೆ ಸಿಪ್ ಟ್ರಂಕ್ ಸರಿ, ಆದರೆ ಪರವಾನಗಿ ಇರುವ ದೂರಸಂಪರ್ಕ ಕಂಪನಿಯಿಂದಲೇ ತೆಗೆದುಕೊಳ್ಳಿ. ಕಡಿಮೆ ದರ ತೋರಿಸಿ ವಿದೇಶಿ ನಂಬರಿನ ಮೂಲಕ ದೇಶದೊಳಗಿನ ಕರೆ ತಿರುಗಿಸಿಕೊಡುತ್ತೇವೆ ಎನ್ನುವವರ ಸಹವಾಸ ಬೇಡ. ಅದು ಕಾನೂನಿನ ತೊಡಕಿಗೆ ದಾರಿ.

ಚಾನೆಲ್ ಎಷ್ಟು? 24 ಜನರಿದ್ದರೆ 24 ಚಾನೆಲ್ ಬೇಕಿಲ್ಲ. ಸಾಮಾನ್ಯ ಕಚೇರಿಯಲ್ಲಿ ಮೂರ್ನಾಲ್ಕು ಜನರಿಗೆ ಒಂದು ಚಾನೆಲ್ ಸಾಕು, ಅಂದರೆ 6ರಿಂದ 8. ದಿನವಿಡೀ ಫೋನಿನಲ್ಲೇ ಕೆಲಸ ಮಾಡುವ ಮಾರಾಟದ ತಂಡವಿದ್ದರೆ ಅವರಿಗೆ ತಲೆಗೊಂದು ಎಂದು ಎಣಿಸಿ, ಉಳಿದವರಿಗೆ ಮೊದಲಿನ ಲೆಕ್ಕ ಹಿಡಿಯಿರಿ.

ಒಂದು ಮಾತು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ದೂರಸಂಪರ್ಕ ಕಂಪನಿಯ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಡಿಸಿ ಬರುತ್ತಿತ್ತು, ಊರಿಗೆಲ್ಲ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಫೈಬರ್ ಲ್ಯಾಂಡ್‌ಲೈನ್ ಹಾಗಲ್ಲ. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೆ ವಿದ್ಯುತ್ ಇಲ್ಲದಿದ್ದರೆ ಅದರ ಫೋನ್ ಕಿಂಡಿಯೂ ಸತ್ತಂತೆ. ‘ಲ್ಯಾಂಡ್‌ಲೈನ್ ಒಂದಿದೆಯಲ್ಲ, ತುರ್ತಿಗೆ ಆಗುತ್ತೆ’ ಎಂಬ ಭರವಸೆಯಲ್ಲಿದ್ದರೆ ಆ ಪೆಟ್ಟಿಗೆ ಯುಪಿಎಸ್ ಮೇಲಿದೆಯೇ ಎಂದು ಇವತ್ತೇ ನೋಡಿ.

ಹಂತ 2: ಅನಲಾಗ್, ಡಿಜಿಟಲ್, ಐಪಿ: ಯಾವುದು ಯಾರಿಗೆ

ಅನಲಾಗ್ ಫೋನ್ ಎಂದರೆ ಎರಡು ತಂತಿಯ ಸಾದಾ ಫೋನ್. ಲಾಡ್ಜ್ ಕೋಣೆಗಳಿಗೆ, ಎಂಟ್ಹತ್ತು ಇಂಟರ್‌ಕಾಮ್ ಮಾತ್ರ ಬೇಕಾದ ಶಾಲೆಗೆ, ತೋಟದ ಕಚೇರಿಗೆ ಈಗಲೂ ಇದೇ ಸರಿ. ಅಗ್ಗ, ರಿಪೇರಿ ಸುಲಭ, ದೂರಕ್ಕೂ ಎಳೆಯಬಹುದು.

ಡಿಜಿಟಲ್ ಫೋನ್ ಎಂದರೆ ಒಂದು ಕಂಪನಿಯ ಇಪಿಎಬಿಎಕ್ಸ್‌ಗೆ (ಕಚೇರಿಯೊಳಗಿನ ಎಕ್ಸ್‌ಚೇಂಜಿಗೆ) ಮಾತ್ರ ಹೊಂದುವ ಫೋನ್. ಬೇರೆ ಕಂಪನಿಯ ಎಕ್ಸ್‌ಚೇಂಜಿಗೆ ಅದನ್ನು ಸಿಕ್ಕಿಸಿದರೆ ಡಯಲ್ ಟೋನ್ ಕೂಡ ಬರದು. ಈಗಿರುವ ಇಪಿಎಬಿಎಕ್ಸ್ ಚೆನ್ನಾಗಿದ್ದು, ಒಂದೆರಡು ಫೋನ್ ಬದಲಿಸಬೇಕಿದ್ದರೆ ಮಾತ್ರ ಕೊಳ್ಳಿ. ಹೊಸ ವ್ಯವಸ್ಥೆಯನ್ನು ಇದರ ಮೇಲೆ ಕಟ್ಟಬೇಡಿ.

ಐಪಿ ಫೋನ್ ಕಂಪ್ಯೂಟರ್ ಜಾಲದ ಮೇಲೆಯೇ ಓಡುತ್ತದೆ. 24 ಮೇಜಿನ ಕಚೇರಿಗೆ ನಮ್ಮ ಆಯ್ಕೆ ಇದೇ. ಎಲ್ಲ ಮೇಜಿಗೂ ಹೇಗೂ ಲ್ಯಾನ್ ಕೇಬಲ್ ಇರುತ್ತದೆ. ಒಬ್ಬರು ಜಾಗ ಬದಲಿಸಿದರೆ ಫೋನ್ ಎತ್ತಿಕೊಂಡು ಹೋಗಿ ಬೇರೆ ಕಡೆ ಸಿಕ್ಕಿಸಿದರೆ ಆಯಿತು, ಎಕ್ಸ್‌ಟೆನ್ಶನ್ ನಂಬರ್ ಅದರ ಜೊತೆಗೇ ಬರುತ್ತದೆ.

ಎಲ್ಲ ಜಾಗಕ್ಕೂ ಐಪಿಯೇ ಬೇಕೆಂಬ ಹಟ ಬೇಡ. ಲ್ಯಾನ್ ಕೇಬಲ್‌ನ ಮಿತಿ 100 ಮೀಟರ್. ವಾಚ್‌ಮನ್ ಕೋಣೆ 250 ಮೀಟರ್ ದೂರದಲ್ಲಿದ್ದರೆ ಅಲ್ಲಿಗೆ ಫೈಬರ್ ಎಳೆಯಬೇಕು, ಇಲ್ಲವೇ ಎರಡು ತಂತಿಯ ಅನಲಾಗ್ ಫೋನ್ ಹಾಕಿ ಎಕ್ಸ್‌ಚೇಂಜ್ ಬಳಿ ಸಾದಾ ಫೋನನ್ನು ಐಪಿ ಜಾಲಕ್ಕೆ ಜೋಡಿಸುವ ಒಂದು ಪುಟ್ಟ ಗೇಟ್‌ವೇ ಇಡಬೇಕು. ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಯ ಎಚ್‌ಟಿ801 ಒಂದು ಫೋನಿಗೆ, ಎಚ್‌ಟಿ802 ಎರಡು ಫೋನಿಗೆ. ಕಟ್ಟಡದಿಂದ ಹೊರಗೆ ಓಡುವ ತಾಮ್ರದ ತಂತಿಗೆ ಎರಡೂ ತುದಿಯಲ್ಲಿ ಗ್ಯಾಸ್ ಟ್ಯೂಬ್ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ತಿಂಗ್ ಬೇಕೇ ಬೇಕು. ಸಿಡಿಲು ಹೆಚ್ಚಿರುವ ಮಲೆನಾಡು, ಕೊಡಗು, ಕರಾವಳಿಯಲ್ಲಾದರೆ ಹೊರಗಿನ ಓಟಕ್ಕೆ ಫೈಬರ್ ಹಾಕುವುದೇ ಮೇಲು. ಹಾಕುವಾಗ ಲೋಹದ ತಂತಿ ಸೇರಿರದ ಫೈಬರ್ ಕೇಬಲ್ ಕೇಳಿ.

ಹಂತ 3: ಕೇಬಲ್, ಸ್ವಿಚ್, ವ್ಯಾಟ್ ಲೆಕ್ಕ

ಹಣ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಆದ್ದರಿಂದ ಸಾವಕಾಶವಾಗಿ ನೋಡೋಣ.

ಐಪಿ ಫೋನಿಗೆ ಲ್ಯಾನ್ ಕೇಬಲ್ ಮೂಲಕವೇ ವಿದ್ಯುತ್ ಕೊಡುವ ವಿಧಾನಕ್ಕೆ ಪಿಒಇ ಎನ್ನುತ್ತಾರೆ. 802.3ಎಎಫ್ ಮಾನದಂಡದಲ್ಲಿ ಸ್ವಿಚ್ ಒಂದೊಂದು ಪೋರ್ಟಿಗೆ ಗರಿಷ್ಠ 15.4 ವ್ಯಾಟ್ ಕೊಡಬಲ್ಲದು. ಮೇಜಿನ ಫೋನಿಗೆ ಅಷ್ಟು ಬೇಕಾಗುವುದಿಲ್ಲ. ಕ್ಲಾಸ್ 1 ಫೋನಿಗೆ ಸ್ವಿಚ್ 4 ವ್ಯಾಟ್, ಕ್ಲಾಸ್ 2ಕ್ಕೆ 7 ವ್ಯಾಟ್, ಕ್ಲಾಸ್ 3ಕ್ಕೆ 15.4 ವ್ಯಾಟ್ ಮೀಸಲಿಡುತ್ತದೆ. ಫೋನಿನ ವಿವರಪಟ್ಟಿಯಲ್ಲಿ ಕ್ಲಾಸ್ ಯಾವುದೆಂದು ಬರೆದಿರುತ್ತದೆ.

ಈಗ ಲೆಕ್ಕ. 24 ಫೋನ್, ಎಲ್ಲವೂ ಕ್ಲಾಸ್ 2 ಎಂದರೆ 168 ವ್ಯಾಟ್. ‘24 ಪೋರ್ಟ್ ಪಿಒಇ ಸ್ವಿಚ್’ ಎಂದು ಕೊಟೇಶನ್‌ನಲ್ಲಿ ಬರೆದ ಮಾತ್ರಕ್ಕೆ ಸಾಲದು, ಒಟ್ಟು ಎಷ್ಟು ವ್ಯಾಟ್ ಎಂಬುದನ್ನೂ ಬರೆಸಿಕೊಳ್ಳಿ. ಒಟ್ಟು 120 ವ್ಯಾಟ್‌ನ ಸ್ವಿಚ್ ಬಂದಿತೆನ್ನಿ. ಕ್ಲಾಸ್ ಪ್ರಕಾರ ಮೀಸಲಿಡುವ ಸ್ವಿಚ್ ಆದರೆ 17 ಫೋನ್ ಹೊತ್ತಿಕೊಳ್ಳುತ್ತವೆ, 18ನೆಯದು ಕಪ್ಪಾಗಿಯೇ ಇರುತ್ತದೆ. ಅದನ್ನು ಬೇರೆ ಪೋರ್ಟಿಗೆ ಹಾಕಿದರೂ ಅಷ್ಟೇ. ಫೋನ್ ಕೆಟ್ಟಿದೆ ಎಂದುಕೊಂಡು ವಾಪಸ್ ಕಳಿಸುವವರಿದ್ದಾರೆ. ಫೋನಿನಲ್ಲಿ ದೋಷವೇ ಇರುವುದಿಲ್ಲ. ಕೆಲವು ಸ್ವಿಚ್‌ಗಳಲ್ಲಿ ಅರ್ಧ ಪೋರ್ಟ್‌ಗಳಿಗೆ ಮಾತ್ರ ಪಿಒಇ ಇರುತ್ತದೆ, ಅದನ್ನೂ ಕೇಳಿ. ನಮ್ಮ ಉದಾಹರಣೆಗೆ ಒಟ್ಟು 190 ವ್ಯಾಟ್ ಆಸುಪಾಸಿನ ಸ್ವಿಚ್ ಹಿಡಿಯಿರಿ.

ಕೇಬಲ್ ಶುದ್ಧ ತಾಮ್ರದ ಕ್ಯಾಟ್5ಇ ಅಥವಾ ಕ್ಯಾಟ್6 ಆಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಕೇಬಲ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಅದರ ವಿದ್ಯುತ್ ತಡೆ ಹೆಚ್ಚಾದ್ದರಿಂದ ಉದ್ದದ ಓಟದಲ್ಲಿ ವೋಲ್ಟೇಜ್ ಇಳಿದು, ದೂರದ ಮೇಜಿನ ಫೋನ್ ರಿಂಗಾಗುವ ಹೊತ್ತಿಗೆ ಅಥವಾ ಸ್ಪೀಕರ್ ಜೋರು ಮಾಡಿದಾಗ ರೀಬೂಟ್ ಆಗುತ್ತದೆ. ಪರೀಕ್ಷೆ ಸುಲಭ: ತಂತಿಯ ಸಿಪ್ಪೆ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಬಂಡಲ್ ವಾಪಸ್ ಕಳಿಸಿ.

ಮೇಜಿಗೆ ಒಂದೇ ಕೇಬಲ್ ಇದ್ದರೆ ಫೋನಿನ ಹಿಂದಿನ ಎರಡನೇ ಕಿಂಡಿಯಿಂದ ಕಂಪ್ಯೂಟರಿಗೆ ಜೋಡಿಸಬೇಕಾಗುತ್ತದೆ. ಆಗ ಫೋನ್ ಗಿಗಾಬಿಟ್‌ನದೇ ಆಗಿರಬೇಕು. ಯೀಲಿಂಕ್ ಕಂಪನಿಯ ಟಿ31ಪಿಯಂಥ 100 ಎಂಬಿಪಿಎಸ್ ಫೋನ್ ಹಾಕಿದರೆ ಸರ್ವರ್‌ನಿಂದ ದೊಡ್ಡ ಫೈಲ್ ತೆಗೆಯುವವರ ವೇಗ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಬೈಗುಳ ಬೀಳುವುದು ಇಂಟರ್‌ನೆಟ್ ಕಂಪನಿಗೆ. ಅದೇ ಸಾಲಿನ ಟಿ31ಜಿ, ಟಿ33ಜಿ ಗಿಗಾಬಿಟ್ ಮಾದರಿಗಳು. ಮೇಜಿಗೆ ಎರಡು ಕೇಬಲ್ ಇದ್ದರೆ ಈ ಚಿಂತೆ ಇಲ್ಲ, ಅಗ್ಗದ್ದೇ ಸಾಕು.

ಮಾಡೆಲ್ ಹೆಸರಿನ ಕೊನೆಯ ಅಕ್ಷರ ತಪ್ಪದೆ ಓದಿ. ಯೀಲಿಂಕ್ ಟಿ31ರಲ್ಲಿ ಪಿಒಇ ಇಲ್ಲ, ಟಿ31ಪಿಯಲ್ಲಿ ಇದೆ. ಗ್ರ್ಯಾಂಡ್‌ಸ್ಟ್ರೀಮ್ ಜಿಆರ್‌ಪಿ2601 ಮತ್ತು 2601ಪಿ ನಡುವೆಯೂ ಇದೇ ವ್ಯತ್ಯಾಸ. ಪರ್ಚೇಸ್ ಆರ್ಡರ್‌ನಲ್ಲಿ ಒಂದಕ್ಷರ ಬಿಟ್ಟರೆ ಅಡಾಪ್ಟರ್ ಬೇಕಾದ ಫೋನ್ ಬಂದು ಕೂರುತ್ತದೆ.

ಹಂತ 4: ಕರೆಂಟ್ ಹೋದಾಗ

ಫೋನ್‌ಗಳು ವಾಸ್ತವದಲ್ಲಿ ತಲಾ 4 ವ್ಯಾಟ್ ಎಳೆಯುತ್ತವೆ ಎಂದುಕೊಳ್ಳಿ: 96 ವ್ಯಾಟ್. ಸ್ವಿಚ್‌ಗೆ 30, ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ 20, ಐಪಿ ಎಕ್ಸ್‌ಚೇಂಜಿಗೆ 40. ಒಟ್ಟು 190 ವ್ಯಾಟ್ ಹತ್ತಿರ. 12 ವೋಲ್ಟ್ 7 ಎಎಚ್‌ನ ಎರಡು ಬ್ಯಾಟರಿಗಳಿರುವ 1 ಕೆವಿಎ ಯುಪಿಎಸ್‌ನಲ್ಲಿ ನಿಜವಾಗಿ ಕೈಗೆ ಸಿಗುವುದು 100 ವ್ಯಾಟ್-ಅವರ್ ಆಸುಪಾಸು. ಅಂದರೆ ಅರ್ಧ ಗಂಟೆ. ಮೂರ್ನಾಲ್ಕು ಗಂಟೆ ಕರೆಂಟ್ ಹೋಗುವ ಕಡೆ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯ ಇನ್ವರ್ಟರ್ ಬೇಕು. ಇನ್ವರ್ಟರ್‌ನ ಹಿಂದಿರುವ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ಇಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆಯ ಕ್ಷಣದಲ್ಲಿ ಸ್ವಿಚ್ ಆರಿ ಹೊತ್ತಿಕೊಂಡರೆ 24 ಫೋನ್‌ಗಳೂ ಮತ್ತೆ ಮೊದಲಿಂದ ಎದ್ದು ರಿಜಿಸ್ಟರ್ ಆಗುವವರೆಗೆ ಕೆಲವು ನಿಮಿಷ ಕಚೇರಿ ಮೂಕ.

ಹಂತ 5: ಮೇಜು ಮೇಜಿಗೂ ಬೇರೆ ಫೋನ್

ಎಲ್ಲರಿಗೂ ಒಂದೇ ಮಾಡೆಲ್ ಕೊಳ್ಳುವುದು ತಪ್ಪು. ಮ್ಯಾನೇಜರ್‌ಗೆ ದೊಡ್ಡ ಪರದೆಯ ಫೋನ್, ರಿಸೆಪ್ಶನಿಸ್ಟ್‌ಗೆ ಸಾದಾ ಫೋನ್ ಎಂಬ ಹಂಚಿಕೆ ಅದಕ್ಕಿಂತ ದೊಡ್ಡ ತಪ್ಪು. ಕಚೇರಿಯಲ್ಲಿ ಅತ್ಯುತ್ತಮ ಫೋನ್ ಸಲ್ಲಬೇಕಾದದ್ದು ರಿಸೆಪ್ಶನ್ ಮೇಜಿಗೆ.

ಅಲ್ಲಿ ಕೂತವರಿಗೆ ಯಾರು ಕರೆಯಲ್ಲಿದ್ದಾರೆ, ಯಾರು ಬಿಡುವಾಗಿದ್ದಾರೆ ಎಂಬುದು ಒಂದೇ ನೋಟಕ್ಕೆ ಕಾಣಬೇಕು. ಅದಕ್ಕಾಗಿ ಇರುವ ದೀಪದ ಗುಂಡಿಗಳಿಗೆ ಬಿಎಲ್‌ಎಫ್ ಎನ್ನುತ್ತಾರೆ: ಹಸಿರಾದರೆ ಬಿಡುವು, ಕೆಂಪಾದರೆ ಮಾತು ನಡೆದಿದೆ, ಮಿನುಗಿದರೆ ರಿಂಗಾಗುತ್ತಿದೆ. ಯೀಲಿಂಕ್ ಟಿ46ಯುನಲ್ಲಿ 10 ಗುಂಡಿ, ಮೂರು ಪುಟಕ್ಕೆ ಹಂಚಿ 27 ಹೆಸರು ಇಡಬಹುದು. ವಿವರಪಟ್ಟಿಯಲ್ಲಿ ‘27’ ಎಂದಿದ್ದರೂ ಒಮ್ಮೆಗೆ ಕಾಣುವುದು ಒಂದು ಪುಟ ಮಾತ್ರ, ಉಳಿದವರ ದೀಪ ಮರೆಯಲ್ಲಿರುತ್ತದೆ. ದಿನಕ್ಕೆ ನೂರಾರು ಕರೆ ಬರುವ ಕಡೆ ಪುಟ ತಿರುವುತ್ತ ಕೂರಲಾಗದು; ಪಕ್ಕಕ್ಕೆ ಜೋಡಿಸುವ ಎಕ್ಸ್‌ಪ್ಯಾನ್ಶನ್ ಮಾಡ್ಯೂಲ್ ತೆಗೆದುಕೊಳ್ಳಿ. ಆರಿಸಿದ ಫೋನ್ ಆ ಮಾಡ್ಯೂಲನ್ನು ಒಪ್ಪುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಅಗ್ಗದ ಮಾದರಿಗಳಿಗೆ ಅದನ್ನು ಜೋಡಿಸುವ ಕಿಂಡಿಯೇ ಇರುವುದಿಲ್ಲ.

ಮಾರಾಟದವರಿಗೆ ಪರದೆಗಿಂತ ಹೆಡ್‌ಸೆಟ್ ಮುಖ್ಯ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಮಾತಾಡುವವರಿಗೆ ಅದಿಲ್ಲದೆ ಆಗದು, ಕತ್ತಿನಲ್ಲಿ ರಿಸೀವರ್ ಸಿಕ್ಕಿಸಿಕೊಂಡು ಟೈಪ್ ಮಾಡುವ ಅಭ್ಯಾಸ ಭುಜದ ನೋವಿನಲ್ಲಿ ಮುಗಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಆರ್‌ಜೆ9 ಪ್ಲಗ್ ನೋಡಲು ಎಲ್ಲ ಕಂಪನಿಯದೂ ಒಂದೇ ಥರ, ಆದರೆ ಒಳಗಿನ ನಾಲ್ಕು ತಂತಿಯ ಕ್ರಮ ಬೇರೆ ಬೇರೆ. ಸಿಸ್ಕೊಗೆಂದು ಮಾಡಿದ ಹೆಡ್‌ಸೆಟ್ ಕೇಬಲನ್ನು ಬೇರೆ ಫೋನಿಗೆ ಹಾಕಿದರೆ ಕೇಳಿಸದೇ ಇರಬಹುದು, ಇಲ್ಲವೇ ಎದುರಿನವರಿಗೆ ನಮ್ಮ ದನಿ ಹೋಗದಿರಬಹುದು. ಹೆಡ್‌ಸೆಟ್ ಕೊಳ್ಳುವಾಗ ಫೋನಿನ ಮಾಡೆಲ್ ಹೇಳಿ ತಕ್ಕ ಕೇಬಲ್ ಕೇಳಿ, ಅಥವಾ ಯುಎಸ್‌ಬಿ ಕಿಂಡಿ ಇರುವ ಫೋನ್ ಆರಿಸಿ.

ಅಕೌಂಟ್ಸ್ ಮತ್ತಿತರ ಮೇಜುಗಳಿಗೆ ಎರಡು ಲೈನಿನ ಸಾದಾ ಐಪಿ ಫೋನ್ ಸಾಕು. ಹೋಲ್ಡ್, ಟ್ರಾನ್ಸ್‌ಫರ್, ಮ್ಯೂಟ್ ಮೂರಕ್ಕೂ ಪ್ರತ್ಯೇಕ ಗುಂಡಿ ಇರಲಿ. ಮೆನುವಿನೊಳಗೆ ಹೊಕ್ಕು ಟ್ರಾನ್ಸ್‌ಫರ್ ಮಾಡಬೇಕಾದ ಫೋನಿನಲ್ಲಿ ಕರೆಗಳು ಕಟ್ಟಾಗುತ್ತಲೇ ಇರುತ್ತವೆ.

ಸಭಾಕೊಠಡಿಗೆ ಮೇಜಿನ ಫೋನಿನ ಸ್ಪೀಕರ್ ಸಾಲದು, ಕಾನ್ಫರೆನ್ಸ್ ಫೋನೇ ಬೇಕು. ಗೋದಾಮಿಗೆ ಗೋಡೆಗೆ ಹಾಕುವ ಫೋನ್, ಜೊತೆಗೆ ಜೋರು ರಿಂಗರ್ ಅಥವಾ ಮಿನುಗುವ ದೀಪ. ಗೋಡೆಗೆ ಹಾಕುವಾಗ ರಿಸೀವರ್ ಕೂರುವ ಜಾಗದ ಪುಟ್ಟ ಪ್ಲಾಸ್ಟಿಕ್ ಕೊಂಡಿಯನ್ನು ಹೊರತೆಗೆದು ತಿರುಗಿಸಿ ಮತ್ತೆ ಕೂರಿಸಬೇಕು. ಮರೆತರೆ ರಿಸೀವರ್ ಜಾರಿ ಅರ್ಧ ನೇತಾಡುತ್ತದೆ, ಆ ಎಕ್ಸ್‌ಟೆನ್ಶನ್ ದಿನವಿಡೀ ಎಂಗೇಜ್. ಗೋಡೆಯ ಬ್ರ್ಯಾಕೆಟ್ ಎಷ್ಟೋ ಮಾದರಿಗಳಲ್ಲಿ ಡಬ್ಬಿಯೊಳಗೆ ಬರುವುದಿಲ್ಲ, ಬೇರೆಯಾಗಿ ಆರ್ಡರ್ ಮಾಡಬೇಕು.

ಓಡಾಡುತ್ತ ಮಾತಾಡಲು ಕಾರ್ಡ್‌ಲೆಸ್ ಬೇಕಾದವರು ಅಮೆರಿಕದಿಂದ ತರಿಸಿದ ಡೆಕ್ಟ್ 6.0 ಸೆಟ್ ಬಳಸಲೇಬೇಡಿ. ಅವು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಭಾರತದಲ್ಲಿ ಅದು ಮೊಬೈಲ್ ಕಂಪನಿಗಳಿಗೆ ಕೊಟ್ಟ ತರಂಗಾಂತರ. ಸುತ್ತಲಿನ ಟವರಿಗೆ ತೊಂದರೆಯಾಗಿ ದೂರು ನಿಮ್ಮ ಬಾಗಿಲಿಗೆ ಬರುತ್ತದೆ.

ಹಂತ 6: ಸೆಕೆಂಡ್ ಹ್ಯಾಂಡ್ ಮತ್ತು ಬೀಗ ಹಾಕಿದ ಫೋನ್‌ಗಳು

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ, ಆನ್‌ಲೈನ್‌ನಲ್ಲಿ ಬಳಸಿದ ಫೋನ್‌ಗಳು ಬಲು ಕಡಿಮೆ ಬೆಲೆಗೆ ಕಣ್ಣಿಗೆ ಬೀಳುತ್ತವೆ. ಸಿಸ್ಕೊ ಫೋನ್‌ಗಳಲ್ಲಿ ಎರಡು ಬಗೆ ಇದೆ. ಸಿಸ್ಕೊದ್ದೇ ಎಕ್ಸ್‌ಚೇಂಜಿಗೆ ಮಾತ್ರ ಹೊಂದುವುದು ಒಂದು, ಯಾವ ಸಿಪ್ ಎಕ್ಸ್‌ಚೇಂಜಿಗೂ ಹೊಂದುವುದು ಇನ್ನೊಂದು. ಎರಡನೆಯದರ ಮಾಡೆಲ್ ನಂಬರಿನಲ್ಲಿ ‘3ಪಿಸಿಸಿ’ ಎಂದಿರುತ್ತದೆ. ಹೊರನೋಟಕ್ಕೆ 7841 ಎರಡೂ ಒಂದೇ, ಕೆಳಗಿನ ಚೀಟಿ ಓದಿದರೆ ಮಾತ್ರ ತಿಳಿಯುವುದು. ಸಿಸ್ಕೊ 7960ಯಂಥ ಹಳೆಯವು 802.3ಎಎಫ್‌ಗಿಂತ ಮೊದಲಿನ ಪಿಒಇ ಪದ್ಧತಿಯವು, ಇವತ್ತಿನ ಸಾಮಾನ್ಯ ಸ್ವಿಚ್‌ನಿಂದ ಅವುಗಳಿಗೆ ವಿದ್ಯುತ್ ಸಿಗುವುದಿಲ್ಲ. ಕಚೇರಿಯ ಕರೆಗಳೆಲ್ಲ ಮೈಕ್ರೋಸಾಫ್ಟ್ ಟೀಮ್ಸ್ ಮೇಲಿದ್ದರೆ ಟೀಮ್ಸ್‌ಗೆ ಪ್ರಮಾಣೀಕೃತ ಫೋನೇ ಕೇಳಿ.

ಹೊಸದು ಕೊಳ್ಳುವಾಗ ಆ ಮಾಡೆಲ್‌ಗೆ ದೂರಸಂಪರ್ಕ ಇಲಾಖೆಯ ಟಿಇಸಿ ಪ್ರಮಾಣಪತ್ರ ಇದೆಯೇ ಎಂದು ಮಾರಾಟಗಾರರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಹಂತ 7: ಎರಡು ಫೋನ್ ತಂದು ಪರೀಕ್ಷಿಸಿ

24 ಒಮ್ಮೆಲೇ ಆರ್ಡರ್ ಮಾಡಬೇಡಿ. ಆರಿಸಿದ ಮಾಡೆಲ್‌ನ ಎರಡು ತರಿಸಿ, ಒಂದನ್ನು ರಿಸೆಪ್ಶನ್‌ನಲ್ಲಿ, ಇನ್ನೊಂದನ್ನು ಅತಿ ದೂರದ ಮೇಜಿನಲ್ಲಿಟ್ಟು ಒಂದು ವಾರ ನಡೆಸಿ. ನೋಡಬೇಕಾದದ್ದು ಇಷ್ಟು:

- ಹೊರಗಿನ ಕರೆಯಲ್ಲಿ ಒಂದು ನಿಮಿಷ ದಾಟಿ ಮಾತಾಡಿ. ಸರಿಯಾಗಿ 32 ಸೆಕೆಂಡಿಗೆ ಕರೆ ಕಟ್ಟಾದರೆ, ಅಥವಾ ಒಂದೇ ಕಡೆಗೆ ದನಿ ಕೇಳಿದರೆ, ರೂಟರ್‌ನಲ್ಲಿ ‘ಸಿಪ್ ಎಎಲ್‌ಜಿ’ ಎಂಬುದನ್ನು ಆಫ್ ಮಾಡಿ. ಕರೆ ಎತ್ತಿದ್ದಕ್ಕೆ ಕೊಡಬೇಕಾದ ದೃಢೀಕರಣದ ಸಂದೇಶ ದಾರಿಯಲ್ಲಿ ಕಳೆದುಹೋಗಿ, ಕಾದು ಕಾದು ಕರೆ ಮುರಿಯುವ ಅವಧಿಯೇ ಆ 32 ಸೆಕೆಂಡು.
- ಬ್ಯಾಂಕಿನ ಗ್ರಾಹಕ ಸೇವೆಗೆ ಕರೆ ಮಾಡಿ ‘1 ಒತ್ತಿ’ ಎಂದಾಗ ಒತ್ತಿ ನೋಡಿ. ಒಪ್ಪದಿದ್ದರೆ ಡಿಟಿಎಂಎಫ್ (ಒತ್ತಿದ ಅಂಕಿಯನ್ನು ಕಳಿಸುವ) ವಿಧಾನವನ್ನು ಆರ್‌ಎಫ್‌ಸಿ 2833ಕ್ಕೆ ಬದಲಿಸಿ, ಫೋನ್ ಮತ್ತು ಎಕ್ಸ್‌ಚೇಂಜ್ ಎರಡರಲ್ಲೂ.
- ಕೋಡೆಕ್ (ದನಿಯನ್ನು ಡೇಟಾ ಮಾಡುವ ವಿಧಾನ) ಪಟ್ಟಿಯಲ್ಲಿ ಜಿ.711 ಎ-ಲಾ ಮೊದಲಿರಲಿ, ಭಾರತದ ಜಾಲದಲ್ಲಿ ಬಳಕೆಯಲ್ಲಿರುವುದು ಅದೇ. ಒಂದು ಕರೆಗೆ ಎರಡೂ ದಿಕ್ಕಿಗೆ ತಲಾ 87 ಕೆಬಿಪಿಎಸ್ ಬೇಕು. 8 ಕರೆಗೆ 700 ಕೆಬಿಪಿಎಸ್ ಅಷ್ಟೆ. ದನಿ ಕತ್ತರಿಸಿದಂತೆ ಬಂದರೆ ಇಂಟರ್‌ನೆಟ್ ವೇಗ ಹೆಚ್ಚಿಸುವುದಕ್ಕೆ ಓಡಬೇಡಿ. ಬ್ಯಾಕಪ್, ಸಿಸಿಟಿವಿ ಅಪ್‌ಲೋಡ್ ಲೈನನ್ನು ತುಂಬಿರುತ್ತವೆ. ಫೋನ್‌ಗಳಿಗೆ ಪ್ರತ್ಯೇಕ ವಿಲ್ಯಾನ್ (ಅದೇ ಜಾಲದೊಳಗೆ ಬೇರ್ಪಡಿಸಿದ ಭಾಗ) ಮಾಡಿಸಿ, ಧ್ವನಿ ಮೊದಲು ಸಾಗುವಂತೆ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಕೊಡಿಸಿ.
- ಹೆಸರುಗಳನ್ನು ಕನ್ನಡದಲ್ಲಿ ತೋರಿಸಬೇಕೆಂದಿದ್ದರೆ ಒಂದು ಹೆಸರು ಹಾಕಿ ನೋಡಿ. ಒತ್ತಕ್ಷರವಿರುವ ಹೆಸರನ್ನೇ ಹಾಕಿ, ‘ಲಕ್ಷ್ಮಿ’ ಸರಿಯಾಗಿ ಮೂಡಿದರೆ ಉಳಿದವೂ ಮೂಡುತ್ತವೆ.
- ರಿಸೀವರ್ ಕೈಯಲ್ಲಿ ಹಿಡಿದು ನೋಡಿ. ತೀರಾ ಹಗುರವಾದದ್ದು ಸ್ಥಾನದಲ್ಲಿ ಸರಿಯಾಗಿ ಕೂರುವುದಿಲ್ಲ.

ಹಂತ 8: ನಂಬರ್ ಮತ್ತು ಡಯಲ್ ಕ್ರಮ

ಎಕ್ಸ್‌ಟೆನ್ಶನ್‌ಗಳನ್ನು 1ರಿಂದ ಶುರು ಮಾಡಬೇಡಿ. 100, 101, 108, 112 ಎಲ್ಲ ತುರ್ತು ಸೇವೆಯ ನಂಬರುಗಳು. ಅಕೌಂಟ್ಸ್‌ಗೆ 112 ಎಂದು ಕೊಟ್ಟರೆ ಬೆಂಕಿ ಬಿದ್ದ ದಿನ ಕರೆ ಪಕ್ಕದ ಮೇಜಿಗೆ ಹೋಗುತ್ತದೆ. 201ರಿಂದ ಶುರು ಮಾಡಿ, ಹೊರಗಿನ ಲೈನಿಗೆ 0 ಒತ್ತಬೇಕಾದ ಕಚೇರಿಯಲ್ಲೂ 112 ನೇರವಾಗಿ ಹೋಗುವಂತೆ ಎಕ್ಸ್‌ಚೇಂಜಿನಲ್ಲಿ ಬರೆಸಿ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲ್‌ಗೆ ಕರೆ ಮಾಡಲು ಮುಂದೆ 0 ಸೇರಿಸಬೇಕು. ಹೊರಗಿನ ಲೈನಿಗೂ 0 ಎಂದಾದರೆ ಎರಡು ಸಲ 0 ಒತ್ತಬೇಕಾಗಿ ಸಿಬ್ಬಂದಿ ಗೊಂದಲಕ್ಕೆ ಬೀಳುತ್ತಾರೆ. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ 10 ಅಂಕಿ ಒತ್ತಿದರೆ ಎಕ್ಸ್‌ಚೇಂಜ್ ತಾನೇ 0 ಸೇರಿಸಿ ಕಳಿಸುವಂತೆ ನಿಯಮ ಬರೆಸಿ. ಹಾಗೆ ಮಾಡಿದರೆ ಸ್ಥಳೀಯ ಲ್ಯಾಂಡ್‌ಲೈನಿಗೂ 080 ಸೇರಿಸಿಯೇ ಡಯಲ್ ಮಾಡುವ ರೂಢಿ ಬೇಕು, ಇಲ್ಲದಿದ್ದರೆ 2ರಿಂದ ಶುರುವಾಗುವ ಊರಿನ ನಂಬರಿಗೂ ನಿಮ್ಮ 201ಕ್ಕೂ ತಿಕ್ಕಾಟವಾಗುತ್ತದೆ.

ಐಎಸ್‌ಡಿ ಬೇಕಾದ ಒಂದೆರಡು ಎಕ್ಸ್‌ಟೆನ್ಶನ್ ಬಿಟ್ಟು ಉಳಿದೆಲ್ಲ ಕಡೆ ಮುಚ್ಚಿಸಿ. ಫೋನ್‌ಗಳ ‘ಅಡ್ಮಿನ್’ ಪಾಸ್‌ವರ್ಡ್ ಬಂದ ದಿನವೇ ಬದಲಿಸಿ, ಎಕ್ಸ್‌ಟೆನ್ಶನ್‌ನ ಪಾಸ್‌ವರ್ಡ್ ಆ ಎಕ್ಸ್‌ಟೆನ್ಶನ್ ನಂಬರೇ ಆಗಿರುವುದು ಬೇಡ, ರೂಟರ್‌ನಲ್ಲಿ ಸಿಪ್ ಕರೆಗಳು ಬಳಸುವ 5060 ಪೋರ್ಟನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಕಳ್ಳರು ವಾರಾಂತ್ಯದ ರಾತ್ರಿಯಲ್ಲಿ ವಿದೇಶಿ ನಂಬರುಗಳಿಗೆ ಕರೆ ಮಾಡುತ್ತಾರೆ, ಬಿಲ್ ಬಂದಾಗಲೇ ತಿಳಿಯುವುದು.

ಹಂತ 9: ಆರ್ಡರ್

ನಮ್ಮ 24 ಫೋನ್‌ಗಳ ಕಚೇರಿಯ ಪಟ್ಟಿ ಹೀಗಾಗುತ್ತದೆ: ರಿಸೆಪ್ಶನ್‌ಗೆ ದೊಡ್ಡ ಫೋನ್ 1 ಮತ್ತು ಮಾಡ್ಯೂಲ್ 1, ಮಾರಾಟಕ್ಕೆ ಹೆಡ್‌ಸೆಟ್ ಸಹಿತ ಗಿಗಾಬಿಟ್ ಫೋನ್ 6, ಸಾದಾ ಫೋನ್ 14, ಕಾನ್ಫರೆನ್ಸ್ ಫೋನ್ 1, ಗೋದಾಮಿಗೆ ಗೋಡೆ ಫೋನ್ 1, ಗೇಟಿಗೆ ಗೇಟ್‌ವೇ ಸಹಿತ ಅನಲಾಗ್ 1. ಇದರ ಮೇಲೆ ಸಾದಾ ಮಾದರಿಯ 2 ಹೆಚ್ಚುವರಿ ಫೋನ್ ಮತ್ತು 5 ಸುರುಳಿ ವೈರ್ ತೆಗೆದಿಡಿ. ಫೋನಿನಲ್ಲಿ ಮೊದಲು ಕೆಡುವುದು ಆ ಸುರುಳಿ ವೈರೇ. ಕರಕರ ಸದ್ದು ಬಂದ ಕೂಡಲೇ ಫೋನ್ ಬದಲಿಸುವ ಮುನ್ನ ಅದನ್ನು ಬದಲಿಸಿ ನೋಡಿ.

ಕೊಟೇಶನ್‌ನಲ್ಲಿ ಪೂರ್ತಿ ಮಾಡೆಲ್ ಹೆಸರು, ಅಡಾಪ್ಟರ್ ಮತ್ತು ಬ್ರ್ಯಾಕೆಟ್ ಸೇರಿದೆಯೇ, ವಾರಂಟಿಯಲ್ಲಿ ಫೋನ್ ಬದಲಿಸಿಕೊಡುವುದು ನಿಮ್ಮ ಊರಿನಲ್ಲೋ ಬೇರೆ ಊರಿಗೆ ಕಳಿಸಬೇಕೋ ಎಂಬ ಮೂರೂ ಇರಲಿ. ಫೋನ್ ಬಂದಾಗ ಪ್ರತಿಯೊಂದರ ಹಿಂದಿರುವ ಮ್ಯಾಕ್ ವಿಳಾಸ (ಜಾಲದಲ್ಲಿ ಆ ಫೋನಿನ ಗುರುತಿನ ಸಂಖ್ಯೆ), ಎಕ್ಸ್‌ಟೆನ್ಶನ್ ನಂಬರ್, ಸ್ವಿಚ್‌ನ ಪೋರ್ಟ್, ಗೋಡೆಯ ಕಿಂಡಿಯ ನಂಬರ್ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಸ್ವಿಚ್ ಇರುವ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ.